ಆಗುಂಬೆಗೆ ಹೊರಟಿದ್ದು ನಾಲ್ಕು ಗಾಡಿ, ತಲುಪಿದ್ದು ಮೂರು!

ಈ ಕಥೆಯಲ್ಲಿ ಹೀರೋಯಿನ್ ಇಲ್ಲ ಗೆಳೆಯರೇ. ಫೈಟಿಂಗ್ ಒಂದೇ ಒಂದಿದೆ. ಅದೂ ವಿಲನ್ ಜೊತೆಗಲ್ಲ, ಗೆಳೆಯರ ನಡುವೆಯೇ, ಕಡೂರಿನ ಒಂದು ಗ್ಯಾರೇಜಿನ ಮುಂದೆ!

ನವೆಂಬರ್ 9 ಶಂಕರ್‌ನಾಗ್ ಹುಟ್ಟಿದ ದಿನ. ಆ ಸಂಜೆ ಆಗುಂಬೆಯಲ್ಲಿ ನಿಂತು ಸೂರ್ಯ ಮುಳುಗೋದನ್ನ ನೋಡ್ಬೇಕು ಅನ್ನೋದು ನಮ್ಮ ಆರು ಜನರ ಹಠ. 80ರ ದಶಕದಲ್ಲಿ ಶಂಕರ್ 'ಮಾಲ್ಗುಡಿ ಡೇಸ್' ತೆಗೆದದ್ದು ಅಲ್ಲೇ ತಾನೇ? ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ್ ಕಾರ್ನಾಡ್ ಅವನ ಅಪ್ಪನಾಗಿ ಓಡಾಡಿದ ದೊಡ್ಡಮನೆ ಇವತ್ತಿಗೂ ಇದೆ.

8ನೇ ತಾರೀಖು ಬೆಳಗಿನ ಜಾವ ಬೆಂಗಳೂರು ಬಿಟ್ಟೆವು. ಒಂದು ಬುಲೆಟ್, ಒಂದು ಸ್ಪ್ಲೆಂಡರ್, ನನ್ನ ಆರ್‌ಎಕ್ಸ್ 100, ಮತ್ತೊಂದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನಲ್ಲಿ ತಯಾರಾದ ಗಾಡಿ ಸ್ವಾಮಿ, 1996ರಲ್ಲಿ ಕಾರ್ಖಾನೆಯೇ ಮುಚ್ಚಿಹೋಯಿತು. ಅದರ ಒಡೆಯನ ಹೆಸರು ಬೇಡ, ಯೆಜ್ಡಿ ಅಂತಲೇ ಕರೆಯೋಣ. ಅವನಪ್ಪ ಆಟೋ ಓಡಿಸುತ್ತಿದ್ದವರು. 1980ರಲ್ಲಿ ಬಂದ 'ಆಟೋ ರಾಜ'ನ ಚಿತ್ರವನ್ನ ಆಟೋ ಹಿಂದೆ ಬರೆಸಿಕೊಂಡು ಕಡೇತನಕ ಅಳಿಸಲಿಲ್ಲ. ಅವರು ಹೋಗಿ ವರ್ಷವಾಯಿತು. ಯೆಜ್ಡಿ ಅವರದೇ.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಹೊಡೆದು ತಿಪಟೂರು ದಾಟುವವರೆಗೆ ನಾವೇ ರಾಜರು. ಅರಸೀಕೆರೆ ಹತ್ತಿರ ಯೆಜ್ಡಿ ಕೆಮ್ಮಿತು. ಪ್ಲಗ್ ಬಿಚ್ಚಿ, ಉಜ್ಜಿ, ಹಾಕಿದ್ದಾಯಿತು. ಕಡೂರಿನಲ್ಲಿ ಪೂರ್ತಿ ಕೈಕೊಟ್ಟಿತು. ಎಂಜಿನ್ ಅರಚುತ್ತದೆ, ಚಕ್ರ ಮಾತ್ರ ಸೋಮಾರಿ! ವಯಸ್ಸಾದ ಮೇಸ್ತ್ರಿಯೊಬ್ಬರು ಮೂಸಿ ನೋಡಿಯೇ ಹೇಳಿದರು: "ಕ್ಲಚ್ ಪ್ಲೇಟು ಸುಟ್ಟೋಗಿದೆ ಮರಿ. ಕಾರ್ಕ್ ಪ್ಲೇಟು ಇಲ್ಲಿ ಸಿಗಲ್ಲ, ಶಿವಮೊಗ್ಗದಿಂದ ಬಸ್ಸಿಗೆ ಹಾಕಿಸ್ತೀನಿ, ಬೆಳಿಗ್ಗೆ ಬರತ್ತೆ."

ಗಾಡಿಯನ್ನ ಇಲ್ಲೇ ಬಿಡೋಣ, ವಾಪಸ್ ಬರುವಾಗ ತಗೊಳ್ಳೋಣ ಅಂದೆವು. ಯೆಜ್ಡಿ ಒಪ್ಪಲಿಲ್ಲ. ಅಷ್ಟರಲ್ಲಿ ಅವನ ಫೋನು ಬಡಕೊಂಡಿತು. ಪಕ್ಕದಲ್ಲೇ ಇದ್ದ ನನಗೂ ಆ ಕಡೆಯ ದನಿ ಕೇಳಿತು: "ಏನ್ರೀ, ಗಾಡಿ ಇವತ್ತು ತರ್ತೀರೋ ಇಲ್ವೋ?"

ಗುಟ್ಟು ರಟ್ಟಾಯಿತು. ಗಾಡಿ ಶಿವಮೊಗ್ಗದವರೊಬ್ಬರಿಗೆ 90 ಸಾವಿರಕ್ಕೆ ಮಾತಾಗಿತ್ತು. ಓಡುವ ಸ್ಥಿತಿಯಲ್ಲಿ ತಂದುಕೊಟ್ಟರೆ ಮಾತ್ರ ದುಡ್ಡು!

ನನಗೆ ಪಿತ್ತ ನೆತ್ತಿಗೇರಿತು. "ಅಪ್ಪನ ಗಾಡಿ ಮಾರೋಕೆ ನಮ್ಮನ್ನ ಮೆರವಣಿಗೆ ಕರ್ಕೊಂಡು ಹೊರಟ್ಯೇನೋ? ಶಂಕ್ರಣ್ಣನ ಹೆಸರು ಬೇರೆ!" ಕಾಲರ್ ಹಿಡಿದೇ ಬಿಟ್ಟೆ. ಬುಲೆಟ್ ಗೆಳೆಯ ನಡುವೆ ಬಂದ.

"ತಂಗಿ ನರ್ಸಿಂಗ್ ಫೀಸು ಕಟ್ಬೇಕು ಕಣೋ. ಒಬ್ಬನೇ ಬಂದು ಕೊಟ್ಟೋಗೋಕೆ ಧೈರ್ಯ ಬರ್ಲಿಲ್ಲ," ಅಂದ. ಅಷ್ಟೇ.

ಆವತ್ತು ಕಾಲರ್ ಹಿಡಿದದ್ದಕ್ಕೆ ಇವತ್ತಿಗೂ ನಾಚಿಕೆ ನನಗೆ. ಆದರೆ ಮೊದಲೇ ಹೇಳಬಾರದಿತ್ತಾ ಅನ್ನೋ ಸಿಟ್ಟೂ ಪೂರ್ತಿ ಇಳಿದಿಲ್ಲ.

ರಾತ್ರಿ ಗ್ಯಾರೇಜಿನ ಕಟ್ಟೆಯ ಮೇಲೇ ಮಲಗಿದೆವು. ಬೆಳಿಗ್ಗೆ ಪ್ಲೇಟು ಬಂತು, ರಿಪೇರಿ ಮುಗಿಯೋಕೆ ಮಧ್ಯಾಹ್ನವಾಯಿತು. ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗ ಸೇರುವವರೆಗೂ ಯಾರೂ ಯೆಜ್ಡಿಯನ್ನು ಓವರ್‌ಟೇಕ್ ಮಾಡಲಿಲ್ಲ. ಮಾತಾಡಿಕೊಂಡದ್ದೇನಲ್ಲ, ಹಾಗೇ ಆಯಿತು. ಕೊಂಡವರು ದುಡ್ಡೆಣಿಸಿ, "ಒಂದ್ಸಲ ಸ್ಟಾರ್ಟ್ ಮಾಡಿ ತೋರ್ಸಿ" ಅಂದರು. ದರಿದ್ರ ಗಾಡಿ, ಒಂದೇ ಕಿಕ್ಕಿಗೆ ಎದ್ದಿತು! ಅವನು ಬೀಗದ ಕೈ ಕೊಟ್ಟು ಶಂಕರ್‌ನಾಗ್ ಚಿತ್ರದ ಕೀ ಚೈನು ಬಿಚ್ಚಿ ಜೇಬಿಗೆ ಹಾಕಿಕೊಂಡ.

ಆರು ಜನ, ಮೂರು ಗಾಡಿ. ಆಗುಂಬೆ ತಲುಪಿದಾಗ ಏಳು ಗಂಟೆ. ಸೂರ್ಯ ನಮಗಾಗಿ ಕಾಯುತ್ತಾನೆಯೇ? ಕತ್ತಲಲ್ಲಿ ದೊಡ್ಡಮನೆಯ ಎದುರು ನಿಂತೆವು. 1990ರ ಸೆಪ್ಟೆಂಬರ್ 30ರಂದು ಆನಗೋಡಿನ ಹತ್ತಿರ ಆ ಅಪಘಾತ ಆದಾಗ ಶಂಕರ್‌ಗೆ ಬರೀ 35 ಅಂತ ಯಾರೋ ಲೆಕ್ಕ ಹೇಳಿದರು. ನಮ್ಮ ಬುಲೆಟ್ ಗೆಳೆಯನಿಗೆ ಈಗ 34.

ಮರುದಿನ ಘಾಟಿಯ 14 ತಿರುವು ಇಳಿದು ಸೋಮೇಶ್ವರ ನೋಡುವ ಪ್ಲಾನೂ ರದ್ದು. ಅವನಿಗೆ ಸಂಜೆಯೊಳಗೆ ಫೀಸು ಕಟ್ಟಬೇಕಿತ್ತು. ನನ್ನ ಆರ್‌ಎಕ್ಸ್ ಹ್ಯಾಂಡಲ್ ಅವನ ಕೈಗೇ ಕೊಟ್ಟು ಹಿಂದೆ ಕೂತೆ. ಯೆಜ್ಡಿಗೆ ಕಿಕ್ಕೂ ಗೇರೂ ಒಂದೇ ಲಿವರು, ಎಡಗಡೆ. ಆರ್‌ಎಕ್ಸಿಗೆ ಕಿಕ್ ಬಲಗಡೆ. ಅವನು ಎಡಗಾಲೆತ್ತಿ ಇಲ್ಲದ ಕಿಕ್ಕನ್ನ ತಡಕಾಡಿದ. ತೀರ್ಥಹಳ್ಳಿ ಸೇರೋದರೊಳಗೆ ಮೂರು ಸಲ ಗಾಡಿ ನಿಲ್ಲಿಸಿದೆವು, ಮೂರು ಸಲವೂ ಹಾಗೇ ಮಾಡಿದ.