ಅಟ್ಟದ ಮೇಲೆ ತಾಳೆಗರಿ ಕಟ್ಟು ಇದ್ಯಾ? ಗುಜರಿಗೂ ಬೇಡ, ಹೊಳೆಗೂ ಬೇಡ

ಸಾಗರ: ಹಳೇ ಮನೆ ಕೆಡವುವಾಗ ಅಟ್ಟದಿಂದ ಇಳಿಯುವ ಸಾಮಾನಿನ ಜೊತೆ ಕೆಲವೊಮ್ಮೆ ಬಟ್ಟೆ ಸುತ್ತಿದ ಕಟ್ಟೊಂದು ಸಿಗುತ್ತದೆ. ಎರಡು ಮರದ ಪಟ್ಟಿ, ನಡುವೆ ದಾರ ಪೋಣಿಸಿದ ತಾಳೆಗರಿ. ಓದೋಕೆ ಬರಲ್ಲ, ಎಸೆಯೋಕೆ ಮನಸ್ಸಾಗಲ್ಲ. ನವರಾತ್ರಿ ಪೂಜೆಗಿಟ್ಟು ಮತ್ತೆ ಅಟ್ಟಕ್ಕೇರಿಸುತ್ತಾರೆ, ಇಲ್ಲವೇ ಹೊಳೆಗೆ ಬಿಡುತ್ತಾರೆ.

ಓದಲಾಗದ್ದಕ್ಕೆ ಮುಖ್ಯ ಕಾರಣ ಲಿಪಿ. ಸಾಗರ, ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಸಂಸ್ಕೃತ ಬರೆಯಲು ತಿಗಳಾರಿ ಲಿಪಿ ಬಳಕೆಯಲ್ಲಿತ್ತು. ನೋಡಿದವರು ‘ಮಲಯಾಳಂ ಇರ್ಬೇಕು’ ಅಂದುಕೊಳ್ಳುವುದು ಸಹಜ. ಎರಡೂ ಗ್ರಂಥ ಲಿಪಿಯಿಂದಲೇ ಬಂದವು. ಅಚ್ಚಿನ ಪುಸ್ತಕ ಬಂದ ಮೇಲೆ ತಿಗಳಾರಿ ಕಲಿಯುವವರು ಕಮ್ಮಿಯಾದರು. ಹಾಗಾಗಿ ಕಟ್ಟಿನೊಳಗೆ ಪೂಜಾವಿಧಿ ಇದೆಯೋ, ಔಷಧಿ ವಿಚಾರವೋ, ಮನೆಯವರಿಗೇ ಗೊತ್ತಿಲ್ಲ.

ಅದರಲ್ಲೇನಿರುತ್ತೆ ಅನ್ನುವವರಿಗೆ ಮೈಸೂರಿನ ಕಥೆ ಸಾಕು. ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟ ಗ್ರಂಥ ಲಿಪಿಯ ಓಲೆಗಳಲ್ಲಿ, 1905ರ ಸುಮಾರಿಗೆ, ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿತು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಎಲ್ಲಾ ಕಟ್ಟಲ್ಲೂ ಅರ್ಥಶಾಸ್ತ್ರ ಇರಲ್ಲ, ನಿಜ. ಓದಿಸದೆ ಗೊತ್ತಾಗೋದು ಹೇಗೆ?

ವಾಯವ್ಯ ಆಫ್ರಿಕಾದಲ್ಲೂ ಇದೇ ಪಾಡು. ಮಾರಿಟೇನಿಯಾದ ಶಿಂಗೆಟ್ಟಿ ಊರಲ್ಲಿ ಮನೆತನಗಳೇ ಹಸ್ತಪ್ರತಿ ಕಾಯುತ್ತಿವೆ. ಅಲ್ಲಿ ಮರಳಿನ ಕಾಟ, ಇಲ್ಲಿ ಮಳೆ, ಗೆದ್ದಲಿನ ಕಾಟ. ಹಿಂದೆ ಸೌದೆ ಒಲೆಯ ಹೊಗೆ ಅಟ್ಟಕ್ಕೆ ತಾಗಿ ಹುಳ ದೂರವಿರುತ್ತಿತ್ತು. ಈಗ ಗ್ಯಾಸ್ ಒಲೆ, ಅಟ್ಟದಲ್ಲಿ ಬರೀ ತೇವ.

ಗರಿಯನ್ನು ನೀರಲ್ಲಿ ಒರೆಸಬೇಡಿ, ಲ್ಯಾಮಿನೇಷನ್ ಬೇಡ, ರಬ್ಬರ್ ಬ್ಯಾಂಡ್ ಬೇಡ. ಮಜ್ಜಿಗೆಹುಲ್ಲಿನ ಎಣ್ಣೆ ಸವರುವುದು ಬಲ್ಲವರ ಕೆಲಸ. ದಾರ ಹರಿದಿದ್ದರೆ ಗರಿಗಳ ಅನುಕ್ರಮ ಕದಡದೆ, ಮೊಬೈಲಲ್ಲಿ ಒಂದೊಂದರ ಎರಡೂ ಬದಿ ಫೋಟೊ ತೆಗೆದಿಡಿ.

ಗುಜರಿ ಅಂಗಡಿಯವರು ಗಮನಿಸಬೇಕಾದ್ದೂ ಒಂದಿದೆ. 75 ವರ್ಷಕ್ಕಿಂತ ಹಳೆಯ, ಮಹತ್ವದ ಹಸ್ತಪ್ರತಿ 1972ರ ಪುರಾವಸ್ತು ಕಾಯ್ದೆಯಡಿ ಬರುತ್ತದೆ. ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ಜ್ಞಾನ ಭಾರತಂ ಮಿಷನ್ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿ ದಾಖಲಿಸುವ ಗುರಿ ಇಟ್ಟುಕೊಂಡಿದೆ. ಖಾಸಗಿ ಸಂಗ್ರಹಗಳೂ ಅದರಲ್ಲಿ ಸೇರುತ್ತವೆ. ಅಷ್ಟು ದೂರ ಯೋಚಿಸುವ ಮೊದಲು ಸಾಗರದ ಪಕ್ಕದಲ್ಲೇ ಕೆಳದಿ ಮ್ಯೂಸಿಯಂ ಇದೆ. ಕೆಳದಿ ಗುಂಡಾ ಜೋಯಿಸರು ಊರೂರು ಸುತ್ತಿ ಕೂಡಿಸಿದ ಸಂಗ್ರಹವದು, ತಿಗಳಾರಿ ಗರಿಗಳೂ ಅಲ್ಲಿವೆ. ಕಟ್ಟು ಕೊಟ್ಟೇಬಿಡಬೇಕೆಂದಿಲ್ಲ, ಫೋಟೊ ತೋರಿಸಿ ವಿಚಾರಿಸಿದರೂ ಆಯ್ತು.