ಕೈಗೆ ಬಂದ ಚೆಂಡು, ಲೆಕ್ಕಕ್ಕೆ ಬಾರದ ಕ್ಯಾಚ್

2017ರ ಡಿಸೆಂಬರ್ 17, ಪಿಟ್ಸ್‌ಬರ್ಗ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಸ್ಟೀಲರ್ಸ್ ತಂಡ 24–27ರಿಂದ ಹಿಂದಿತ್ತು. ಉಳಿದದ್ದು ಅರ್ಧ ನಿಮಿಷದಷ್ಟು ಆಟ. ಬೆನ್ ರಾತ್ಲಿಸ್‌ಬರ್ಗರ್ ಎಸೆದ ಚೆಂಡನ್ನು ಜೆಸ್ಸಿ ಜೇಮ್ಸ್ ಗೋಲುಗೆರೆಯ ಹತ್ತಿರ ಹಿಡಿದರು. ಮೊಣಕಾಲು ನೆಲಕ್ಕೆ ಊರಿತು. ಹಾಗೆಯೇ ಹೊರಳಿ, ಮೈ ಚಾಚಿ, ಚೆಂಡನ್ನು ಗೆರೆಯಾಚೆ ನೀಡಿದರು. ಟಚ್‌ಡೌನ್! ಗ್ಯಾಲರಿ ಕುಣಿಯಿತು.

ಆದರೆ ವಿಡಿಯೊ ಪರಿಶೀಲನೆಯಲ್ಲಿ ಇನ್ನೊಂದು ಸಂಗತಿ ಕಂಡಿತು. ನೆಲಕ್ಕೆ ತಾಗಿದಾಗ ಚೆಂಡು ಕೈಯೊಳಗೆ ಹೊರಳಿತ್ತು. ತೀರ್ಪು ತಿರುಗಿತು: ಇದು ಕ್ಯಾಚ್ ಅಲ್ಲ. ಸ್ವಲ್ಪ ಹೊತ್ತಿಗೇ ಸ್ಟೀಲರ್ಸ್‌ನ ಇನ್ನೊಂದು ಎಸೆತ ಎದುರಾಳಿಯ ಕೈಸೇರಿ, ಪಂದ್ಯವೂ ಹೋಯಿತು.

ಕೈಗೆ ಬಂದ ತುತ್ತು ಬಾಯಿಗೆ ಬಾರದ ಇಂಥ ಪ್ರಸಂಗಗಳೇ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಕ್ಯಾಚ್ ನಿಯಮವನ್ನು ತಿದ್ದುತ್ತ ಬಂದಿವೆ.

ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಎಸೆದದ್ದನ್ನು ಹಿಡಿದರೆ ಅಷ್ಟು ಗಜ ಗಳಿಕೆ. ನೆಲಕ್ಕೆ ಬಿದ್ದರೆ ಆ ಪ್ರಯತ್ನ ವ್ಯರ್ಥ. ಹಿಡಿಯುವುದು ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆ ಕ್ರಿಕೆಟ್‌ಗೂ ಹೊಸದಲ್ಲ. 1999ರ ವಿಶ್ವಕಪ್‌ನಲ್ಲಿ ಸ್ಟೀವ್ ವಾ ಕ್ಯಾಚ್ ಹಿಡಿದ ಹರ್ಷೆಲ್ ಗಿಬ್ಸ್, ಸಂಭ್ರಮದಿಂದ ಎಸೆಯಲು ಹೋಗಿ ಚೆಂಡು ಕೈಜಾರಿಸಿದ್ದನ್ನು ಯಾರು ಮರೆತಾರು? ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಷ್ಟ ಇನ್ನೂ ಹೆಚ್ಚು. ಇಲ್ಲಿ ಹಿಡಿದವರ ಮೈಮೇಲೆ ಎದುರಾಳಿ ಎರಗುತ್ತಾರೆ. ನೆಲಕ್ಕೆ ಉರುಳುವುದು ನಿತ್ಯದ ಮಾತು.

ಎನ್‌ಎಫ್‌ಎಲ್‌ನಲ್ಲಿ ವಿಡಿಯೊ ಪರಿಶೀಲನೆ 1999ರಲ್ಲಿ ಮರಳಿ ಬಂತು. ಅದೇ ಋತುವಿನ ಕೊನೆಗೆ, 2000ದ ಜನವರಿಯಲ್ಲಿ, ಟ್ಯಾಂಪಾ ಬೇ ತಂಡದ ಬರ್ಟ್ ಇಮ್ಯಾನುಯೆಲ್ ಸೇಂಟ್ ಲೂಯಿಸ್ ರ‍್ಯಾಮ್ಸ್ ವಿರುದ್ಧ ಹಾರಿ ಹಿಡಿದ ಚೆಂಡಿನ ತುದಿ ನೆಲಕ್ಕೆ ಸೋಕಿತು. ಚೆಂಡು ಕೈಯಲ್ಲೇ ಇದ್ದರೂ ಕ್ಯಾಚ್ ರದ್ದಾಯಿತು. ಟ್ಯಾಂಪಾ 11–6ರಿಂದ ಸೋತಿತು. ಬಳಿಕ ನಿಯಮ ಬದಲಾಯಿತು: ಹಿಡಿತ ತಪ್ಪದಿದ್ದರೆ ಚೆಂಡು ನೆಲ ಸೋಕಿದರೂ ಅಡ್ಡಿಯಿಲ್ಲ.

ಆದರೆ ಹಿಡಿಯುತ್ತಲೇ ಬೀಳುವವರು ನೆಲಕ್ಕೆ ಬಿದ್ದ ಮೇಲೂ ಹಿಡಿತ ಉಳಿಸಿಕೊಳ್ಳಬೇಕಿತ್ತು. 2010ರ ಸೆಪ್ಟೆಂಬರ್‌ನಲ್ಲಿ ಶಿಕಾಗೊದಲ್ಲಿ ಡೆಟ್ರಾಯ್ಟ್ ಲಯನ್ಸ್‌ನ ಕ್ಯಾಲ್ವಿನ್ ಜಾನ್ಸನ್ ಎದುರಾಳಿಯ ತಲೆಯ ಮೇಲಿಂದ ಚೆಂಡು ಹಿಡಿದು, ಎರಡೂ ಪಾದ ಊರಿ, ಬಿದ್ದರು. ಏಳುವ ಹೊತ್ತಿಗೆ ಒಂದೇ ಕೈಯಲ್ಲಿದ್ದ ಚೆಂಡು ನೆಲಕ್ಕೆ ತಾಗಿ ಅಲ್ಲೇ ಉಳಿಯಿತು. ಗೆಲುವಿನ ಟಚ್‌ಡೌನ್ ಇಲ್ಲವಾಗಿ, ಶಿಕಾಗೊ 19–14ರಿಂದ ಗೆದ್ದಿತು. 2015ರ ಜನವರಿಯಲ್ಲಿ ಗ್ರೀನ್ ಬೇಯಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಡೆಜ್ ಬ್ರಯಂಟ್ ಚೆಂಡು ಹಿಡಿದು, ಗೋಲುಗೆರೆಯತ್ತ ಕೈ ಚಾಚುತ್ತ ಬಿದ್ದರು. ಅದೂ ರದ್ದಾಗಿ, ಡಲ್ಲಾಸ್ 26–21ರಿಂದ ಸೋತಿತು.

ಇಲ್ಲಿ ತೀರ್ಪುಗಾರರನ್ನು ದೂರುವುದು ಸರಿಯಲ್ಲ. ಅವರು ಬರೆದಿದ್ದ ನಿಯಮವನ್ನೇ ಪಾಲಿಸಿದ್ದರು. ತಪ್ಪಿದ್ದದ್ದು ನಿಯಮದಲ್ಲಿ. ಲಕ್ಷಾಂತರ ಕಣ್ಣುಗಳು ಕ್ಯಾಚ್ ಎಂದದ್ದನ್ನು ಪುಸ್ತಕ ಅಲ್ಲ ಎಂದರೆ, ತಿದ್ದಬೇಕಾದದ್ದು ಪುಸ್ತಕವನ್ನೇ.

ಲೀಗ್‌ಗೂ ಅದು ಮನವರಿಕೆಯಾಯಿತು. ನಿಯಮ ಸಮಿತಿ ಈ ಸಲ ಉಲ್ಟಾ ದಾರಿ ಹಿಡಿಯಿತು. ಹಳೆಯ ವಿವಾದಗಳ ವಿಡಿಯೊ ನೋಡಿ, ಯಾವುದು ಕ್ಯಾಚ್ ಆಗಬೇಕೆಂದು ಮೊದಲು ತೀರ್ಮಾನಿಸಿ, ಆಮೇಲೆ ಅದಕ್ಕೆ ಹೊಂದುವ ಮಾತು ಬರೆಯಿತು. 2018ರ ಮಾರ್ಚ್‌ನಲ್ಲಿ 32 ತಂಡಗಳ ಮಾಲೀಕರೂ ಒಮ್ಮತದಿಂದ ಒಪ್ಪಿದರು. ಚೆಂಡಿನ ಮೇಲೆ ಹಿಡಿತವಿರಬೇಕು. ಎರಡು ಪಾದ ಅಥವಾ ದೇಹದ ಬೇರೊಂದು ಭಾಗ ಗಡಿಯೊಳಗೆ ಊರಬೇಕು. ಮೂರನೇ ಹೆಜ್ಜೆ, ಗೆರೆಯತ್ತ ಚಾಚುವಂಥ ಆಟದ ಚಲನೆ ಆಗಿರಬೇಕು, ಇಲ್ಲವೇ ಅದಕ್ಕೆ ಸಾಕಷ್ಟು ಸಮಯ ಸಿಕ್ಕಿರಬೇಕು. ಬಿದ್ದ ಮೇಲೂ ಹಿಡಿದಿರಬೇಕೆಂಬ ಷರತ್ತು ಹೋಯಿತು.

‘ಸಾಕಷ್ಟು ಸಮಯ’ ಎಂದರೆ ಎಷ್ಟು? ಅದನ್ನು ಈಗಲೂ ತೀರ್ಪುಗಾರರ ಕಣ್ಣೇ ಅಳೆಯಬೇಕು. ವಾದಕ್ಕೆ ಅಷ್ಟು ಜಾಗ ಉಳಿದೇ ಇದೆ. ಪಿಟ್ಸ್‌ಬರ್ಗಿನ ಆ ಸ್ಕೋರು ಬದಲಾಗುವುದಿಲ್ಲ. ಆದರೆ ಇಂದು ಚೆಂಡು ಹಿಡಿದು, ಮೊಣಕಾಲೂರಿ, ಗೆರೆಯಾಚೆ ಚಾಚುವವರಿಗೆ ಜೇಮ್ಸ್‌ಗೆ ದಕ್ಕದ ಟಚ್‌ಡೌನ್ ದಕ್ಕುತ್ತದೆ.