ಅಮ್ಮನ ಟ್ರಂಕು, ಬಾಡಿಗೆದಾರರ ಬೀಗದ ಕೈ

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಆರು ಮನೆಗಳ ಕಟ್ಟಡ. ಸಂಪು, ಮೋಟರು, ಮೆಟ್ಟಿಲ ದೀಪ ಎಲ್ಲರಿಗೂ ಸೇರಿದ್ದು. ಮೂರು ವರ್ಷದಿಂದ ಆ ಸಾಲಿಗೆ ಫೋಟೊ, ವಿಡಿಯೊ, ಕಾಗದಪತ್ರ ಇಡುವ ಒಂದು ಪೆಟ್ಟಿಗೆಯೂ ಸೇರಿದೆ. ಕಂಪ್ಯೂಟರಿನವರು ಅದನ್ನು ನ್ಯಾಸ್ ಅನ್ನುತ್ತಾರೆ. ಹಾರ್ಡ್‌ಡಿಸ್ಕನ್ನು ಒಬ್ಬರ ಕಂಪ್ಯೂಟರಿಗೆ ಸಿಕ್ಕಿಸದೆ ನೆಟ್‌ವರ್ಕಿಗೆ ಸಿಕ್ಕಿಸಿದರೆ ಹಲವರು ಬಳಸಬಹುದು. ವಿಷಯ ಅಷ್ಟೇ.

ಇದಕ್ಕೆ ಕಾರಣ ಎರಡನೇ ಮಹಡಿಯಲ್ಲಿದ್ದ ನರ್ಸ್ ಹುಡುಗಿ. ಅವಳ ಫೋನು ನೀರಿಗೆ ಬಿತ್ತು. ತೀರಿಹೋದ ತಂದೆಯ ಫೋಟೊಗಳೆಲ್ಲ ಅದರಲ್ಲೇ ಇದ್ದವು. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಹೋಗುವ ಚಿತ್ರಗಳೂ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೇ ಬರುತ್ತವೆ. ಅವಳದು ತುಂಬಿ ತಿಂಗಳುಗಳಾಗಿದ್ದವು. ಆ ಮಗು ಮೆಟ್ಟಿಲ ಮೇಲೆ ಕೂತು ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಪೆಟ್ಟಿಗೆಯಲ್ಲಿ 4 ಟಿಬಿಯ ಎರಡು ಡಿಸ್ಕ್ ಇವೆ. ಒಂದರಲ್ಲಿ ಬರೆದದ್ದು ಆಗಲೇ ಇನ್ನೊಂದರಲ್ಲೂ ಬರೆದುಕೊಳ್ಳುತ್ತದೆ. ಹಾಗಾಗಿ ಒಂದು ಕೆಟ್ಟರೂ ಮಾಲು ಉಳಿಯುತ್ತದೆ, ಬಳಕೆಗೆ ಸಿಗುವ ಜಾಗ ಮಾತ್ರ ಅರ್ಧ. ಮನೆಗೆ 500 ಜಿಬಿಯಂತೆ ಹಂಚಿದ್ದೇನೆ. ಎಲ್ಲ ಮನೆಗೂ ಕ್ಯಾಟ್ 6 ವೈರ್ ಎಳೆಸಿದೆ. ಪೆಟ್ಟಿಗೆ ಹಗಲೂ ರಾತ್ರಿ ಎಳೆಯುವ 25 ವ್ಯಾಟ್ ಎಂದರೆ ತಿಂಗಳಿಗೆ 18 ಯೂನಿಟ್. ಅದು ಕಾಮನ್ ಮೀಟರಿಗೆ. ಮೊದಲು ಮೆಟ್ಟಿಲ ಕೆಳಗೆ ಇಡೋಣ ಅಂದುಕೊಂಡಿದ್ದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ನೆನಪಾಗಿ, ಯುಪಿಎಸ್ ಸಮೇತ ಮೇಲಿನ ಮಹಡಿಗೆ ಏರಿಸಿದೆ.

ಎಲ್ಲ ಜೋಡಿಸಿದ ಸಂಜೆ ಆ ನರ್ಸ್ ಹುಡುಗಿ ಕೇಳಿದಳು: “ಅಂಕಲ್, ನಾವು ಇಟ್ಟಿದ್ದು ನಿಮಗೆ ಕಾಣ್ಸುತ್ತಾ?”

ಕಾಣಿಸುತ್ತಿತ್ತು. ಹೌದು ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಬೆಳೆದದ್ದು ಭದ್ರಾವತಿಯಲ್ಲಿ, 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ. ಮನೆ ಕಾರ್ಖಾನೆಯದು, ನೀರು ಕಾರ್ಖಾನೆಯದು. ಅಮ್ಮನ ಟ್ರಂಕಿನ ಬೀಗದ ಕೈ ಮಾತ್ರ ಅಮ್ಮನ ಸೆರಗಿನಲ್ಲಿ. ಬಾಡಿಗೆ ಕೊಟ್ಟವನಿಗೆ ಬಾಡಿಗೆದಾರರ ಟ್ರಂಕು ತೆರೆಯುವ ಹಕ್ಕಿಲ್ಲ.

ಆಮೇಲೆ ವ್ಯವಸ್ಥೆ ಬದಲಿಸಿದೆ. ಈಗ ಫೈಲಿಗೆ ಅವರ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಬೀಗ ಬಿದ್ದ ಮೇಲೆಯೇ ಅದು ಪೆಟ್ಟಿಗೆಗೆ ಬರುತ್ತದೆ. ಎಷ್ಟು ಜಾಗ ತುಂಬಿದೆ ಎನ್ನುವುದು ನನಗೆ ಗೊತ್ತಾಗುತ್ತದೆ, ಏನಿದೆ ಎನ್ನುವುದು ಗೊತ್ತಾಗುವುದಿಲ್ಲ. ಪಾಸ್‌ವರ್ಡ್ ಮರೆತರೆ ನಾನೂ ತೆಗೆದುಕೊಡಲಾರೆ. ಇದನ್ನು ಪ್ರತಿಯೊಬ್ಬರಿಗೂ ಎದುರು ಕೂರಿಸಿಕೊಂಡು ಹೇಳುತ್ತೇನೆ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ ಎನ್ನುತ್ತೇನೆ.

ಊರಿಗೆ ಹೋದಾಗಲೂ ಫೋಟೊ ನೋಡಬೇಕು ಎಂದು ಕೆಲವರು ಕೇಳಿದರು. ಪೆಟ್ಟಿಗೆಯನ್ನು ಇಂಟರ್‌ನೆಟ್ಟಿಗೆ ತೆರೆಯಲು ನಾನು ಒಪ್ಪಲಿಲ್ಲ. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ ಹಾಗೆ ತೆರೆದಿಟ್ಟ ಸಾವಿರಾರು ಪೆಟ್ಟಿಗೆಗಳಿಗೆ ನುಗ್ಗಿ, ಫೈಲುಗಳಿಗೆ ತನ್ನದೇ ಬೀಗ ಜಡಿದು ಹಣ ಕೇಳಿತ್ತು.

ಇನ್ನೊಂದು ಅಪಾಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕೈತಪ್ಪಿ ಫೋಟೊ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಅಳಿಯುತ್ತದೆ. ಬೆಂಕಿ, ಕಳ್ಳತನವಾದರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕೇ ಮೂರನೇ ಪ್ರತಿ ಬೇರೆ ಊರಿನಲ್ಲಿದೆ. ತಿಂಗಳ ಮೊದಲ ಭಾನುವಾರ, ಪ್ರತಿ ತೆಗೆದ ಡಿಸ್ಕನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ಭದ್ರಾವತಿ ಬಸ್ಸು ಹತ್ತುತ್ತೇನೆ. ನ್ಯೂಟೌನಿನ ತಮ್ಮನ ಮನೆಯಲ್ಲಿ ಅದನ್ನಿಟ್ಟು, ಹಿಂದಿನ ತಿಂಗಳದ್ದನ್ನು ವಾಪಸು ತರುತ್ತೇನೆ. ಎರಡು ಡಿಸ್ಕ್ ಹೀಗೆ ಸರದಿಯಲ್ಲಿ ತಿರುಗುತ್ತವೆ.

ಹೋದ ತಿಂಗಳು ಆ ಹುಡುಗಿಗೆ ಭದ್ರಾವತಿಯಲ್ಲಿ ಕೆಲಸ ಸಿಕ್ಕಿ ಮನೆ ಖಾಲಿ ಮಾಡಿದಳು. ತನ್ನದೆಲ್ಲವನ್ನೂ ಬೇರೆ ಡಿಸ್ಕಿಗೆ ತುಂಬಿಕೊಂಡು, ತೆರೆದು ನೋಡಿ, ಸರಿಯಿದೆ ಎಂದಳು. ಅವಳ ಎದುರೇ ಅವಳ ಫೋಲ್ಡರ್ ಅಳಿಸಿದೆ. ಮುಂದಿನ ಎರಡು ಭಾನುವಾರದ ಸರದಿಯಲ್ಲಿ ಭದ್ರಾವತಿಯ ಪ್ರತಿಗಳಿಂದಲೂ ಅಳಿಸುತ್ತೇನೆಂದು ಕರಾರುಪತ್ರದ ಹಿಂಬದಿ ಬರೆದು ಸಹಿ ಹಾಕಿದ್ದೇನೆ. ಒಂದರಿಂದ ಅಳಿಸಿಯಾಗಿದೆ, ಇನ್ನೊಂದರ ಸರದಿ ಬರುವ ತಿಂಗಳು.